ಮೀನಿಲ್ಲದ ತೊಟ್ಟಿಗೆ ಊಟ ಹಾಕುವ ತಡೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಹಿಂಬಾಗಿಲಿಗೆ ಒಂದು ಸೈಕಲ್ಲು ಬಂದು ನಿಲ್ಲುತ್ತದೆ. ಹ್ಯಾಂಡಲಿನ ಎರಡೂ ಬದಿಗೆ ಮುಚ್ಚಳ ಬಿಗಿದ ಬಕೆಟ್ಟುಗಳು, ಹಿಂದಿನ ಕ್ಯಾರಿಯರಿನಲ್ಲಿ ಸುರುಳಿ ಸುತ್ತಿದ ರಬ್ಬರ್ ಪೈಪು. ಇಳಿದವರು ಐವತ್ತು ದಾಟಿದ ಹೆಂಗಸು. ಮೊಣಕೈವರೆಗೆ ಮಡಚಿದ ರವಿಕೆಯ ತೋಳು, ಕಾಲಲ್ಲಿ ಒದ್ದೆಯಾದರೂ ಜಾರದ ದಪ್ಪ ಚಪ್ಪಲಿ. ಕಾವಲುಗಾರ ಕುರ್ಚಿಯಿಂದ ಏಳದೆಯೇ, "ಬಂದ್ರಾ, ನಿಮ್ಮ ಮೀನುಗಳು ಕಾಯ್ತಾ ಇದಾವೆ" ಎನ್ನುತ್ತಾನೆ. ತನ್ನ ತಮಾಷೆಗೆ ತಾನೇ ನಗುತ್ತಾನೆ. ನಗುವುದಕ್ಕೆ ಕಾರಣವಿದೆ. ಅವರು ನೋಡಲು ಬಂದ ತೊಟ್ಟಿಯಲ್ಲಿ ಮೀನೇ ಇಲ್ಲ.

ಮೊದಲನೆಯ ಮಹಡಿಯಲ್ಲಿ ಮಕ್ಕಳ ಮೂಳೆ ವಾರ್ಡು. ಗೋಡೆ ಹಾರಲು ಹೋಗಿ ಬಿದ್ದವರು, ಸೈಕಲ್ಲಿನಿಂದ ಬಿದ್ದವರು, ಅಣ್ಣ ತಳ್ಳಿದ್ದಕ್ಕೆ ಬಿದ್ದವರು, ತಾವೇ ಬಿದ್ದು ಅಣ್ಣನ ಹೆಸರು ಹೇಳಿದವರು, ಎಲ್ಲರೂ ಬಿಳಿ ಪ್ಲಾಸ್ಟರು ಕಟ್ಟಿಸಿಕೊಂಡು ಸಾಲಾಗಿ ಮಲಗಿದ್ದಾರೆ. ಎರಡು ಕಿಟಕಿಗಳ ನಡುವೆ, ಕಬ್ಬಿಣದ ಮೇಜಿನ ಮೇಲೆ ಒಂದು ಗಾಜಿನ ತೊಟ್ಟಿ. ತಳದಲ್ಲಿ ಜಲ್ಲಿ, ಅಲ್ಲಲ್ಲಿ ಹಸಿರು ಗಿಡ, ಮೂಲೆಯಲ್ಲಿ ಮೆಲ್ಲಗೆ ಗುಳ್ಳೆ ಬಿಡುವ ಸ್ಪಂಜಿನ ಫಿಲ್ಟರು. ಆಕೆ ಸೊಂಟದ ಡಬ್ಬಿಯಿಂದ ಒಂದು ಚಿಟಿಕೆ ಮೀನಿನ ಆಹಾರ ತೆಗೆದು ನೀರಿನ ಮೇಲೆ ಉದುರಿಸುತ್ತಾರೆ. ತಟ್ಟೆ ಖಾಲಿ ಮಾಡುತ್ತದೋ ಇಲ್ಲವೋ ಎಂದು ಮಗುವನ್ನು ನೋಡುವ ತಾಯಿಯ ಹಾಗೆ ಬಗ್ಗಿ ನೋಡುತ್ತಾರೆ.

ಕಿಟಕಿ ಪಕ್ಕದ ಮಂಚದಲ್ಲಿ, ಕಾಲಿಗೆ ತೂಕ ಕಟ್ಟಿ ಮೇಲಕ್ಕೆ ಎಳೆದಿರುವ ಹುಡುಗಿಯೊಬ್ಬಳು ಆಗಲೇ ಎದ್ದಿದ್ದಾಳೆ.

"ಯಾರಿಗೆ ತಿಂಡಿ ಹಾಕ್ತಿದ್ದೀರಿ?"

"ಕಣ್ಣಿಗೆ ಕಾಣದೋರಿಗೆ."

"ದೆವ್ವಗಳಿಗಾ?"

"ದೆವ್ವ ಆಗಿದ್ರೆ ಎಷ್ಟೋ ಸುಲಭ ಇತ್ತು ಕಣೇ. ಅವು ಕರೀದೇನೇ ಬಂದ್ಬಿಡ್ತವೆ. ಇವನ್ನ ಕರೆಸಿಕೊಳ್ಳೋಕೆ ವಾರಗಟ್ಟಲೆ ಬೇಕು."

"ಹಾಗಾದ್ರೆ ಮೀನು ಯಾವಾಗ?"

"ತಡಿ."

ಈ ಒಂದು ಮಾತಿನಿಂದಲೇ ಅವರಿಗೆ ಆ ಹೆಸರು ಅಂಟಿಕೊಂಡಿದೆ. ಹೊಸ ತೊಟ್ಟಿ ಕೊಂಡವರು ಸಂಜೆಯೇ ಮೀನು ತರುತ್ತೇವೆ ಎಂದರೆ "ತಡೀರಿ". ನೀರು ಸ್ಫಟಿಕದ ಹಾಗಿದೆಯಲ್ಲ ಎಂದರೆ "ಅದಕ್ಕೇ ತಡೀರಿ". ಮಕ್ಕಳು ಅಳುತ್ತಿದ್ದಾರೆ ಎಂದರೆ "ಅಳಲಿ, ತಡೀರಿ". ಹೀಗೆ ಊರಿಗೆಲ್ಲ ಅವರು ತಡೀರಕ್ಕ. ಅಪ್ಪ ಅಮ್ಮ ಇಟ್ಟ ಹೆಸರಿನಿಂದ ಕರೆದರೆ ಅವರೇ ಹಿಂದೆ ತಿರುಗಿ ಯಾರನ್ನು ಕರೆದರೋ ಎಂದು ನೋಡುತ್ತಾರೆ. ಮನೆ, ಅಂಗಡಿ, ಕಚೇರಿಗಳಲ್ಲಿ ಮೀನಿನ ತೊಟ್ಟಿ ಕೂರಿಸಿ, ಮೀನು ಬರುವ ಮುನ್ನ ಅದರ ನೀರನ್ನು ಪಳಗಿಸಿ ಕೊಡುವುದು ಅವರ ಕಸುಬು. ಮೀನು ಮಾರುವವರು ಊರ ತುಂಬ ಇದ್ದಾರೆ. ನೀರು ಪಳಗಿಸುವವರು ಇವರೊಬ್ಬರೇ.

ನೀರನ್ನೇನು ಪಳಗಿಸುವುದು, ಅದೇನು ಕುದುರೆಯೇ ಎಂದು ಕೇಳುವವರಿಗೆ ತಡೀರಕ್ಕ ಬೇಸರವಿಲ್ಲದೆ ಉತ್ತರ ಹೇಳುತ್ತಾರೆ. "ಮೀನು ತಿನ್ನೋದೂ ಅದೇ ನೀರಲ್ಲಿ, ಕಕ್ಕಸಿಗೆ ಹೋಗೋದೂ ಅದೇ ನೀರಲ್ಲಿ. ಪಾಪ, ಎದ್ದು ಹೊರಗೆ ಹೋಗೋಕಾಗುತ್ತಾ? ಆ ಗಲೀಜಿಂದ ಅಮೋನಿಯ ಅಂತ ಒಂದು ವಿಷ ಆಗುತ್ತೆ. ಹೊಳೆಯಲ್ಲಿ, ಕೆರೆಯಲ್ಲಿ ಅದನ್ನ ತಿಂದು ಬದುಕೋ ಸಣ್ಣ ಸಣ್ಣ ಜೀವಿಗಳು ಇರ್ತವೆ. ಒಂದು ಜಾತಿ ಆ ವಿಷ ತಿಂದು ಇನ್ನೊಂದು ವಿಷ ಮಾಡುತ್ತೆ, ಇನ್ನೊಂದು ಜಾತಿ ಅದನ್ನ ತಿಂದು ಗೊಬ್ಬರ ಮಾಡುತ್ತೆ, ಗೊಬ್ಬರ ಗಿಡಕ್ಕೆ ಹೋಗುತ್ತೆ. ನಲ್ಲಿ ನೀರಲ್ಲಿ ಇವರು ಯಾರೂ ಇಲ್ಲ. ಇವರು ಬಂದು, ಸಂಸಾರ ಹೂಡಿ, ಮಕ್ಕಳು ಮರಿ ಮಾಡ್ಕೋಬೇಕು. ಅಲ್ಲೀವರೆಗೂ ನಾನು ಚಿಟಿಕೆ ಚಿಟಿಕೆ ಆಹಾರ ಹಾಕಿ ಕೊಳೆಸ್ತೀನಿ. ಅದೇ ಅವರ ಊಟ."

ಮಾತು ಮುಗಿಸುವ ಹೊತ್ತಿಗೆ ಕೈ ಸುಮ್ಮನಿಲ್ಲ. ಬೆರಳುದ್ದದ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು ಎರಡು ಸೀಸೆಗಳಿಂದ ಕೆಲವು ಹನಿ ಬಿಡುತ್ತಾರೆ, ಅಲ್ಲಾಡಿಸಿ ಕಿಟಕಿಯ ಬೆಳಕಿಗೆ ಹಿಡಿಯುತ್ತಾರೆ. ಹಳದಿ ಉಳಿದರೆ ಕ್ಷೇಮ, ಹಸಿರಾದರೆ ವಿಷ ಇನ್ನೂ ಇದೆ ಎಂದು ಅರ್ಥ. "ರಸ್ತೇಲಿ ಹಸಿರು ಬಂದ್ರೆ ಹೋಗ್ಬೇಕು, ಇಲ್ಲಿ ಹಸಿರು ಬಂದ್ರೆ ನಿಲ್ಬೇಕು" ಎಂದು ವಾರ್ಡಿನ ಮಕ್ಕಳಿಗೆ ಈಗ ಬಾಯಿಪಾಠವಾಗಿದೆ. ಕೊಳವೆ ಎತ್ತಿದ ಕೂಡಲೇ ಮಂಚ ಮಂಚದಿಂದ ಕತ್ತುಗಳು ಏಳುತ್ತವೆ. ಇವತ್ತು ಹಸಿರು. ನಿನ್ನೆಗಿಂತ ತೆಳು ಹಸಿರು. "ಹೋ" ಎಂದು ಅರ್ಧ ವಾರ್ಡು ನಿರಾಸೆಯಿಂದ ಕೂಗುತ್ತದೆ, ಇವತ್ತೂ ಹಸಿರೇ ಎಂದು ಪಂದ್ಯ ಕಟ್ಟಿದ್ದ ಇನ್ನರ್ಧ ಗೆದ್ದ ಖುಷಿಯಲ್ಲಿ ಕೂಗುತ್ತದೆ.

ಈ ತೊಟ್ಟಿಗೊಂದು ಹಳೆಯ ಕಥೆಯಿದೆ. ಯಾರೋ ಪುಣ್ಯಾತ್ಮರು ಇದನ್ನು ವಾರ್ಡಿಗೆ ದಾನ ಕೊಟ್ಟಿದ್ದರು. ಬೆಳಗ್ಗೆ ತೊಟ್ಟಿ ಇಟ್ಟು, ಫಳಫಳ ಹೊಳೆಯುವ ನಲ್ಲಿ ನೀರು ತುಂಬಿಸಿ, ಮಧ್ಯಾಹ್ನವೇ ಬಣ್ಣಬಣ್ಣದ ಮೀನು ಬಿಟ್ಟು, ಚಪ್ಪಾಳೆ ಹೊಡೆಸಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಮೀನುಗಳು ಒಂದೊಂದಾಗಿ ಮೇಲಕ್ಕೆ ತೇಲಿದವು. ವಾರ್ಡಿನ ಮುಖ್ಯ ನರ್ಸು, ಮಕ್ಕಳ ಬಾಯಲ್ಲಿ ದೊಡ್ಡ ಸಿಸ್ಟರ್, ಮಕ್ಕಳು ಏಳುವ ಮೊದಲೇ ಬಂದು ಸತ್ತವನ್ನು ಎತ್ತಿ ಹಳೆಯ ಪತ್ರಿಕೆಯಲ್ಲಿ ಸುತ್ತಿ ಎಸೆಯುತ್ತಿದ್ದರು. ಕೊನೆಯ ಮೀನು ಮಾತ್ರ ಮಟಮಟ ಮಧ್ಯಾಹ್ನ, ಎಲ್ಲರ ಕಣ್ಣೆದುರೇ ಸತ್ತಿತು. ಆ ದಿನ ವಾರ್ಡಿನಲ್ಲಿ ಒಂದು ಮಗುವೂ ಊಟ ಮುಟ್ಟಲಿಲ್ಲ. ದೊಡ್ಡ ಸಿಸ್ಟರ್ ತೊಟ್ಟಿಯ ನೀರು ಚೆಲ್ಲಿಸಿ, ಅದನ್ನು ಉಗ್ರಾಣಕ್ಕೆ ತಳ್ಳಿ, ಒಳಗೆ ಹರಿದ ಹೊದಿಕೆಗಳನ್ನು ತುಂಬಿಸಿಟ್ಟರು.

ತಡೀರಕ್ಕ ಈ ಆಸ್ಪತ್ರೆಗೆ ಮೊದಲು ಬಂದದ್ದು ರೋಗಿಯಾಗಿ. ಬಕೆಟ್ಟು ಹೊತ್ತು ಮೆಟ್ಟಿಲಿಳಿಯುವಾಗ ಜಾರಿ ಮಣಿಕಟ್ಟು ಮುರಿದುಕೊಂಡಿದ್ದರು. ಕೈಗೆ ಪ್ಲಾಸ್ಟರು ಹಾಕಿಸಿಕೊಳ್ಳಲು ಸಾಲಿನಲ್ಲಿ ಕೂತಾಗ, ತೆರೆದ ಉಗ್ರಾಣದೊಳಗೆ ಹೊದಿಕೆ ತುಂಬಿದ ಗಾಜಿನ ತೊಟ್ಟಿ ಕಣ್ಣಿಗೆ ಬಿತ್ತು. ನೋವು ಅಲ್ಲಿಗೇ ಮರೆತುಹೋಯಿತು. ಪ್ಲಾಸ್ಟರು ಒಣಗುವ ಮುಂಚೆಯೇ, ಅದು ಯಾವ ವಾರ್ಡಿನದೆಂದು ವಿಚಾರಿಸಿಕೊಂಡು ದೊಡ್ಡ ಸಿಸ್ಟರ್ ಮುಂದೆ ನಿಂತು, "ಆ ತೊಟ್ಟಿ ನನಗೆ ಕೊಡಿ, ಇಲ್ಲೇ ಇಟ್ಟು ಮೀನು ಬದುಕಿಸಿ ತೋರಿಸ್ತೀನಿ" ಎಂದರು. ದೊಡ್ಡ ಸಿಸ್ಟರ್ ಹುಬ್ಬೇರಿಸಿದರು.

"ಒಂದೇ ಒಂದು ಮೀನು ಸತ್ರೂ ತೊಟ್ಟಿ ಗುಜರಿಗೆ ಹಾಕ್ತೀನಿ. ನನ್ನ ಮಕ್ಕಳು ಮತ್ತೆ ಅದನ್ನ ನೋಡಕೂಡದು."

"ಆಗ್ಲಿ. ನನ್ನದೂ ಒಂದು ಮಾತಿದೆ. ನಾನು ಹೂಂ ಅನ್ನೋವರೆಗೂ ಒಂದು ಮೀನೂ ಒಳಗೆ ಬರಕೂಡದು. ದೊಡ್ಡ ಡಾಕ್ಟ್ರು ಹೇಳಿದ್ರೂ ಸರಿ."

ಹೀಗೆ ಇಬ್ಬರು ಹಟಮಾರಿಗಳ ನಡುವೆ ಒಪ್ಪಂದವಾಯಿತು. ಈ ವಾರ್ಡಿನ ತೊಟ್ಟಿಗೆ ಇನ್ನೊಂದು ಅವಕಾಶವಿಲ್ಲ ಎನ್ನುವುದು ಅಂದಿನಿಂದ ತಡೀರಕ್ಕನ ತಲೆಯಲ್ಲಿ ಕೂತಿದೆ.

ಅವರು ಕಸುಬು ಕಲಿತದ್ದು ಮೀನಿನ ಅಂಗಡಿಯೊಂದರಲ್ಲಿ. ಹದಿಹರೆಯದಲ್ಲೇ ಅಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದ್ದರು. ಬಾಗಿಲು ತೆಗೆಯುವ ಮುನ್ನ ಪ್ರತಿ ತೊಟ್ಟಿಯಿಂದ ಸತ್ತ ಮೀನು ಎತ್ತಿ ಹಾಕುವುದೇ ದಿನದ ಮೊದಲ ಕೆಲಸ. "ಗಿರಾಕಿ ಕಣ್ಣಿಗೆ ಒಂದೂ ಬೀಳಬಾರದು" ಎಂದು ಮಾಲೀಕರ ಅಪ್ಪಣೆ. ಶನಿವಾರ ಮೀನು ಕೊಂಡು ಕುಣಿಯುತ್ತಾ ಹೋದವರು ಮುಂದಿನ ಶನಿವಾರ ಸಪ್ಪೆ ಮುಖ ಹೊತ್ತು ಬರುತ್ತಿದ್ದರು. ಮಾಲೀಕರು "ಏನು ಮಾಡೋದು, ನಿಮ್ಮ ಕೈಗುಣ" ಎಂದು ಸಂತಾಪ ಸೂಚಿಸಿ ಇನ್ನೊಂದು ಚೀಲ ಕಟ್ಟಿ ಕೊಡುತ್ತಿದ್ದರು. ಅಂಗಡಿಯ ಹಿತ್ತಲಲ್ಲಿ ಮೂಲೆ ಒಡೆದ ಒಂದು ಹಳೆಯ ತೊಟ್ಟಿಯಿತ್ತು. ಯಾರೂ ಅದನ್ನು ತೊಳೆಯುತ್ತಿರಲಿಲ್ಲ. ಮಾರಾಟವಾಗದ ಕುಂಟ, ಕುರುಡ ಮೀನುಗಳನ್ನೆಲ್ಲ ಅದಕ್ಕೆ ಎಸೆಯುತ್ತಿದ್ದರು. ಸೋಜಿಗವೆಂದರೆ ಅಲ್ಲಿ ಒಂದೂ ಸಾಯುತ್ತಿರಲಿಲ್ಲ.

"ಒಳಗಿನ ತೊಟ್ಟಿಗಳನ್ನ ನಾನು ದಿನಾ ತಿಕ್ಕಿ ತೊಳೀತಿದ್ದೆ, ಅಲ್ಲಿ ಹೆಣ. ಹಿತ್ತಲದ್ದು ಪಾಚಿ ಹಿಡಿದು ನಾರ್ತಿತ್ತು, ಅಲ್ಲಿ ಜೀವ. ತಲೆ ಕೆಟ್ಟೋಯ್ತು ನನಗೆ" ಎಂದು ತಡೀರಕ್ಕ ನೆನೆಯುತ್ತಾರೆ. ಮೀನು ತಂದು ಹಾಕುತ್ತಿದ್ದ ಮುದುಕರೊಬ್ಬರನ್ನು ಕೇಳಿದಾಗ, "ಆ ನೀರು ಪಳಗಿದೆ ಮಗಳೇ, ಒಳಗಿನದು ಇನ್ನೂ ಕಾಡು" ಎಂದಷ್ಟೇ ಹೇಳಿ ಹೋದರಂತೆ. ಆ ಒಂದು ಮಾತಿನ ಹಿಂದೆ ಬಿದ್ದು, ಕಂಡಕಂಡವರನ್ನು ಕೇಳಿ, ಸಿಕ್ಕಿದ್ದನ್ನು ಓದಿ, ಕೊನೆಗೆ ಅಂಗಡಿಗೆ ಬಂದ ಗಿರಾಕಿಗಳಿಗೂ "ಈಗಲೇ ಮೀನು ಒಯ್ಯಬೇಡಿ, ತಡೀರಿ" ಎಂದು ಹೇಳತೊಡಗಿದರು. ವ್ಯಾಪಾರಕ್ಕೆ ಕಲ್ಲು ಹಾಕುವ ಕೆಲಸದವಳನ್ನು ಯಾವ ಮಾಲೀಕ ಇಟ್ಟುಕೊಳ್ಳುತ್ತಾನೆ? ಕೆಲಸ ಹೋಯಿತು, ಹೆಸರು ಉಳಿಯಿತು.

ತೊಟ್ಟಿಗೆ ಗಾಜು ಕತ್ತರಿಸಿ ಅಂಟಿಸಿ ಕೊಡುವವರು ಅವರ ಗಂಡ. ಕನ್ನಡಿ, ಕಿಟಕಿ ಗಾಜಿನ ಪುಟ್ಟ ಅಂಗಡಿ ಅವರದು. ಮಾತಿಗೆ ಕೂತರೆ ಹೆಂಡತಿಯನ್ನು ರೇಗಿಸದೆ ಅವರಿಗೆ ಟೀ ಇಳಿಯುವುದಿಲ್ಲ. "ನನಗೆ ತೊಟ್ಟಿ ಮಾಡೋಕೆ ಒಂದು ಮಧ್ಯಾಹ್ನ ಸಾಕು. ಇವಳಿಗೆ ನೀರು ಕಾಯೋಕೆ ಒಂದು ತಿಂಗಳು ಬೇಕು. ಮದುವೆಗೂ ಹೀಗೇ ತಡೀರಿ, ತಡೀರಿ ಅಂತ ಕಾಯಿಸಿದ್ಲು. ಅದಕ್ಕೇ ನೋಡಿ, ಇನ್ನೂ ಒಡೆದಿಲ್ಲ." ತಡೀರಕ್ಕ ಅಡುಗೆಮನೆಯಿಂದಲೇ, "ಗಾಜು ಒಡೆದ್ರೆ ಅಂಟಿಸ್ತಾರಂತೆ, ಬಾಯಿ ಒಡೆದ್ರೆ ಏನು ಮಾಡ್ತಾರೋ ಕೇಳಿ" ಎನ್ನುತ್ತಾರೆ.

ದಿನವೂ ಹತ್ತಾರು ತೊಟ್ಟಿಗಳ ಪ್ರದಕ್ಷಿಣೆ. ಮನೆಯಂಗಳದಲ್ಲಿ ಹಿಂದಿನ ದಿನವೇ ನಲ್ಲಿ ನೀರು ತುಂಬಿಸಿಟ್ಟು, ಅದರಲ್ಲಿನ ಔಷಧಿ ವಾಸನೆ ಹೋದ ಮೇಲೆ ಹೊತ್ತು ಸಾಗಿಸಬೇಕು. ಲಿಫ್ಟು ಇರುವ ಕಟ್ಟಡದಲ್ಲಿ "ಬಕೆಟ್ಟಿಗೆ ಪ್ರವೇಶವಿಲ್ಲ" ಎನ್ನುತ್ತಾರೆ, ಬಕೆಟ್ಟಿಗೆ ಪ್ರವೇಶವಿರುವ ಕಟ್ಟಡದಲ್ಲಿ ಲಿಫ್ಟು ಇರುವುದಿಲ್ಲ. ಸೊಂಟ ನೋವು ಬೆನ್ನು ಬಿಟ್ಟಿಲ್ಲ. ಇದಕ್ಕಿಂತ ಹೆಚ್ಚು ನೋಯಿಸುವುದು ಜನರ ಮಾತು. ಖಾಲಿ ನೀರಿಗೆ ಕೂಲಿ ಕೇಳುತ್ತಾಳೆ ಎಂದು ಆಡಿಕೊಂಡವರಿದ್ದಾರೆ. ಮುಖ್ಯರಸ್ತೆಯ ಕ್ಷೌರದಂಗಡಿಯವರಂತೂ ಮೊದಮೊದಲು ಗಿರಾಕಿಗಳ ಮುಂದೆಯೇ, "ನೀರಲ್ಲಿ ಹೋಮ ಮಾಡೋದು ಅಂತ ಕೇಳಿದ್ದೆ, ಈಗ ಕಣ್ಣಾರೆ ನೋಡ್ದೆ" ಎಂದಿದ್ದರಂತೆ. ಅವರ ಅಂಗಡಿಯ ಮೀನುಗಳಿಗೆ ಈಗ ಎಷ್ಟು ವಯಸ್ಸಾಗಿದೆಯೆಂದರೆ, ಕೂದಲು ಕತ್ತರಿಸಿಕೊಳ್ಳಲು ಕುರ್ಚಿಯ ಮೇಲೆ ಹಲಗೆ ಹಾಕಿ ಕೂರಿಸುತ್ತಿದ್ದ ಮಕ್ಕಳು ಮೀಸೆ ತೆಗೆಸಲು ಬರುತ್ತಿದ್ದಾರೆ.

ವಾರ್ಡಿನ ತೊಟ್ಟಿಗೆ ಬೇಗ ಜೀವ ಬರಲೆಂದು ತಡೀರಕ್ಕ ತಮ್ಮ ಮನೆಯ ಪುಟ್ಟ ತೊಟ್ಟಿಯ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ ತಂದು ಇಲ್ಲಿನ ಫಿಲ್ಟರಿಗೆ ಸಿಕ್ಕಿಸಿದ್ದರು. ನೋಡಲು ಅದು ಕಪ್ಪಗೆ, ಲೋಳೆಲೋಳೆಯಾಗಿ, ಹೆಸರಿಡಲಾಗದ ಬಣ್ಣದಲ್ಲಿತ್ತು. ಅವರ ಕಣ್ಣಿಗೆ ಮಾತ್ರ ಚಿನ್ನ. ಆ ಕಣ್ಣಿಗೆ ಕಾಣದ ಜೀವಿಗಳೆಲ್ಲ ಮನೆ ಮಾಡಿಕೊಳ್ಳುವುದು ಆ ಕೊಳೆಯಲ್ಲೇ. ತೆಳು ಹಸಿರು ದಿನದಿಂದ ದಿನಕ್ಕೆ ಹಳದಿಗೆ ತಿರುಗಿತು. ಕಿಟಕಿ ಪಕ್ಕದ ಹುಡುಗಿಯ ಕಾಲೂ ಕೂಡಿಕೊಳ್ಳುತ್ತಿತ್ತು. "ನಿಂದು ಮೊದಲಾ, ತೊಟ್ಟೀದು ಮೊದಲಾ?" ಎಂದು ಡಾಕ್ಟರೇ ಕೇಳತೊಡಗಿದರು. ಬರುವ ಭಾನುವಾರ ಮೀನು ಎಂದು ತಡೀರಕ್ಕ ಕೊನೆಗೂ ಬಾಯಿಬಿಟ್ಟರು. ವಾರ್ಡು ಸಂತೋಷದಿಂದ ಕೂಗಿದ್ದಕ್ಕೆ ಕೆಳಗಿನ ಮಹಡಿಯಿಂದ ದೂರು ಬಂತು.

ಹಾಗಿರುವಾಗ ಗುರುವಾರ ಬೆಳಗ್ಗೆ ಬಂದು ನೋಡಿದರೆ ತೊಟ್ಟಿ ಥಳಥಳ ಹೊಳೆಯುತ್ತಿದೆ. ಗಾಜಿನ ಮೇಲೆ ಒಂದು ಕಲೆ ಇಲ್ಲ, ಜಲ್ಲಿ ಹೊಸ ಮುತ್ತಿನ ಹಾಗಿದೆ. ಪಕ್ಕದಲ್ಲಿ ವಾರ್ಡು ಗುಡಿಸಿ ಒರೆಸುವ ಆಯಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಾರೆ. ಮುಖದ ತುಂಬ ನಗು.

"ಹೆಂಗಿದೆ ಅಕ್ಕಾ? ಭಾನುವಾರ ಮೀನು ಬರ್ತವೆ ಅಂದ್ರಲ್ಲ, ಬರೋ ನೆಂಟರಿಗೆ ಮನೆ ಹಂಗಾ ಇಟ್ಕೊಳ್ಳೋದು? ನಿನ್ನೆ ಸಂಜೆ ನೀರೆಲ್ಲ ತೆಗೆದು, ಕಲ್ಲನ್ನ ಬಿಸಿನೀರಲ್ಲಿ ತೊಳೆದು, ನಲ್ಲಿ ನೀರು ತುಂಬಿಸ್ದೆ. ಆ ಸ್ಪಂಜಂತೂ, ಅಬ್ಬಬ್ಬಾ! ಮೂರು ಸಲ ಸೋಪು ಹಾಕಿದ ಮೇಲೆ ಬಣ್ಣ ಗೊತ್ತಾಯ್ತು. ನೀಲಿ!"

ಸ್ಪಂಜು ಮಹಡಿಯ ಹಗ್ಗದ ಮೇಲೆ, ದಿಂಬಿನ ಹೊದಿಕೆಗಳ ನಡುವೆ, ಗಾಳಿಗೆ ಆಡುತ್ತಿದೆ. ನಿಜಕ್ಕೂ ನೀಲಿ.

ತಡೀರಕ್ಕ ಸ್ಟೂಲಿನ ಮೇಲೆ ಕುಸಿದು ಕೂರುತ್ತಾರೆ. ಸಿಟ್ಟು ನೆತ್ತಿಗೇರಿದ್ದು ಕಾಣುತ್ತದೆ. ಬಾಯಿಗೆ ಬಂದದ್ದನ್ನು ನುಂಗುತ್ತಾರೆ, ಮತ್ತೆ ಬರುತ್ತದೆ, ಮತ್ತೆ ನುಂಗುತ್ತಾರೆ. ನಡೆದದ್ದೇನೆಂದು ಕೊನೆಗೆ ಮೆಲ್ಲಗೆ ಬಿಡಿಸಿ ಹೇಳಿದಾಗ ಆಯಮ್ಮನ ಮುಖ ಬಾಡುತ್ತದೆ, ಕಣ್ಣು ತುಂಬುತ್ತದೆ. ವಾರ್ಡಿನಲ್ಲಿ ಒಂದು ಹನಿ ರಕ್ತ, ಒಂದು ಚೂರು ಹತ್ತಿ ಉಳಿಯದಂತೆ ಹಗಲೆಲ್ಲ ಬಗ್ಗಿ ಒರೆಸುವ ಜೀವ ಅದು. ಕೊಳೆಯಿಂದಲೂ ಯಾರಾದರೂ ಬದುಕುತ್ತಾರೆ ಎಂದು ಅವರಿಗೆ ಯಾರೂ ಹೇಳಿಲ್ಲ. "ಅಳಬೇಡಿ. ಕೊಳೆ ಕಂಡ್ರೆ ತೊಳೆಯೋದು ನಿಮ್ಮ ಕೆಲಸ. ಮಕ್ಕಳಿಗೆಲ್ಲ ಪಾಠ ಮಾಡ್ದೆ, ನಿಮಗೊಂದು ಮಾತು ಹೇಳಲಿಲ್ಲ ನಾನು" ಎನ್ನುತ್ತಾರೆ ತಡೀರಕ್ಕ.

ದೊಡ್ಡ ಸಿಸ್ಟರ್ ಬಂದು, ನಡೆದದ್ದು ಕೇಳಿ, ಸೊಂಟದ ಮೇಲೆ ಕೈ ಇಡುತ್ತಾರೆ. "ಭಾನುವಾರ ಮೀನು ಬರುತ್ತೆ ಅಂತ ಮಕ್ಕಳಿಗೆ ಹೇಳಾಗಿದೆ. ನೀರೇನೋ ಚೆನ್ನಾಗೇ ಕಾಣುತ್ತೆ. ಬಿಟ್ಟೇ ನೋಡಬಾರದಾ?" ಆ ಗಳಿಗೆಯಲ್ಲಿ ಹೂಂ ಎಂದುಬಿಡುವುದು ಸುಲಭವಿತ್ತು. ಅಷ್ಟೂ ಮಂಚಗಳಿಂದ ಅಷ್ಟೂ ಕಣ್ಣುಗಳು ನೋಡುತ್ತಿದ್ದವು. ತಡೀರಕ್ಕ ತಲೆಯಾಡಿಸುತ್ತಾರೆ. "ಈಗ ಬಿಟ್ರೆ ಸಾಯ್ತವೆ ಸಿಸ್ಟರ್. ಭಾನುವಾರ ಮಕ್ಕಳು ನಗ್ತಾರೆ, ಆಮೇಲೆ ಊಟ ಬಿಡ್ತಾರೆ. ಮಾತು ತಪ್ಪಿದ್ಲು ಅಂತ ನನ್ನನ್ನ ಬೈಯಿರಿ, ಪರವಾಗಿಲ್ಲ."

ಮತ್ತೆ ಮೊದಲಿನಿಂದ ಶುರು ಮಾಡಿದರೆ ತಿಂಗಳೇ ಬೇಕು. ಮನೆಯ ತೊಟ್ಟಿಯಲ್ಲಿ ಉಳಿದಿರುವುದು ಅರ್ಧ ಸ್ಪಂಜು, ಅದನ್ನೂ ಕತ್ತರಿಸಿದರೆ ಅಲ್ಲಿನ ಮೀನುಗಳ ಗತಿಯೇನು? ತಡೀರಕ್ಕ ತಲೆ ಕೆರೆದುಕೊಳ್ಳುತ್ತಿರುವಾಗ, ಮೂಗು ಒರೆಸಿಕೊಳ್ಳುತ್ತಿದ್ದ ಆಯಮ್ಮ ಹೇಳುತ್ತಾರೆ: "ಅಕ್ಕಾ, ಮನೇಲಿ ಮೊಸರಿನ ಹೆಪ್ಪು ತೀರಿಹೋದ್ರೆ ಪಕ್ಕದ ಮನೇಲಿ ಒಂದು ಚಮಚ ಇಸ್ಕೊಂಡು ಬರ್ತೀವಲ್ಲ. ಇದಕ್ಕೆ ಹಂಗೆ ಆಗಲ್ವಾ? ನೀವು ಊರೆಲ್ಲ ತೊಟ್ಟಿ ಇಟ್ಟಿದ್ದೀರಿ."

ಆಗುತ್ತದೆ. ಆಗುತ್ತದೆ ಎಂದು ತಡೀರಕ್ಕನಿಗೆ ಯಾವತ್ತೂ ಗೊತ್ತು. ಎಷ್ಟೋ ಹೊಸ ತೊಟ್ಟಿಗಳಿಗೆ ತಮ್ಮ ಸ್ಪಂಜನ್ನು ಹಿಂಡಿ ಹೆಪ್ಪು ಕೊಟ್ಟವರೇ ಅವರು. ಆದರೆ ಕೊಟ್ಟ ಕೈಗೆ ಕೇಳಿ ಅಭ್ಯಾಸವಿಲ್ಲ. ಗಿರಾಕಿಗಳ ಮನೆ ಬಾಗಿಲಿಗೆ ಹೋಗಿ ಕೇಳುವುದೆಂದರೆ ಅವರಿಗೆ ಜೀವ ಹಿಡಿಯಾಗುತ್ತದೆ. "ನಾನು ಕೇಳ್ತೀನಿ ಬನ್ನಿ, ನೀವು ಸುಮ್ನೆ ಪಕ್ಕದಲ್ಲಿ ನಿಂತ್ಕೊಳ್ಳಿ" ಎಂದು ಆಯಮ್ಮ ಚಪ್ಪಲಿ ಮೆಟ್ಟಿಕೊಳ್ಳುತ್ತಾರೆ.

ಆ ಮಧ್ಯಾಹ್ನ ಇಬ್ಬರೂ ಒಂದು ಮುಚ್ಚಳದ ಬಕೆಟ್ಟು ಹಿಡಿದು ಹೊರಡುತ್ತಾರೆ. ಒಂದೇ ತೊಟ್ಟಿಯಿಂದ ಹೆಚ್ಚು ತೆಗೆದರೆ ಅಲ್ಲಿನ ಮೀನಿಗೆ ಕುತ್ತು, ಆದ್ದರಿಂದ ಹಲವು ತೊಟ್ಟಿಗಳಿಂದ ಒಂದೊಂದು ಚೂರು. ಮೀನಿಗೆ ಕಾಯಿಲೆ ಕಸಾಲೆ ಇಲ್ಲದ ತೊಟ್ಟಿಯಾಗಿರಬೇಕು, ತೆಗೆದದ್ದು ಒಣಗದಂತೆ ಅದೇ ನೀರಲ್ಲಿ ಮುಳುಗಿಸಿ ತರಬೇಕು. ಮೊದಲು ಸಿಗುವುದು ಕ್ಷೌರದಂಗಡಿ. ಆಯಮ್ಮ ನಡೆದದ್ದನ್ನೆಲ್ಲ ಒಂದೂ ಮುಚ್ಚಿಡದೆ, ಸೋಪು ಎಷ್ಟು ಸಲ ಹಾಕಿದೆ ಎನ್ನುವುದರ ಸಮೇತ ಹೇಳುತ್ತಾರೆ. ಅರ್ಧ ಮುಖಕ್ಕೆ ನೊರೆ ಮೆತ್ತಿಸಿಕೊಂಡ ಗಿರಾಕಿಯನ್ನು ಹಾಗೇ ಬಿಟ್ಟು, ಕ್ಷೌರದವರು ಕತ್ತರಿ ಹಿಡಿದು ತೊಟ್ಟಿಯ ಮುಂದೆ ನಿಲ್ಲುತ್ತಾರೆ. "ಹೇಳಿ ತಡೀರಕ್ಕ, ಯಾವ ಕಟಿಂಗ್ ಬೇಕು? ಸಣ್ಣಗಾ, ಮೀಡಿಯಮ್ಮಾ?"

ದರ್ಜಿಯವರು ಸ್ಪಂಜಿಗೆ ಟೇಪು ಹಿಡಿದು ಅಳತೆ ಮಾಡಿ ಸರಿಯಾಗಿ ಕಾಲುಭಾಗ ಕೊಡುತ್ತಾರೆ. ಬೇಕರಿಯ ಯಜಮಾನಿ ತೊಟ್ಟಿಯ ತಳದಿಂದ ಒಂದು ಹಿಡಿ ಜಲ್ಲಿ ತೆಗೆದು, "ಇನ್ನೊಂದು ಹಿಡಿ ಒಯ್ಯಿರಿ, ಮಕ್ಕಳಿಗೆ ಅಂದ್ರೆ ಜಿಪುಣತನ ಮಾಡಬಾರದು" ಎಂದು ಬೇಡವೆಂದರೂ ಬಿಡದೆ, ಕೊನೆಗೆ ಬನ್ನುಗಳ ಪೊಟ್ಟಣವೊಂದನ್ನು ಆಯಮ್ಮನ ಕೈಗಿಟ್ಟು ಸಮಾಧಾನಗೊಳ್ಳುತ್ತಾರೆ. ಹಲ್ಲಿನ ಡಾಕ್ಟರ ಸಹಾಯಕಿ ಕೈಗವಸು ಹಾಕಿಕೊಂಡು, ಹಲ್ಲು ಕೀಳುವಷ್ಟೇ ಎಚ್ಚರಿಕೆಯಿಂದ ಚಿಮುಟದಲ್ಲಿ ಒಂದು ಚೂರು ಕಿತ್ತು ಕೊಡುತ್ತಾರೆ. ಸುದ್ದಿ ಇವರಿಗಿಂತ ಮುಂದೆ ಓಡುತ್ತಿದೆ. ಸಂಜೆಯ ಹೊತ್ತಿಗೆ ಕೇಳದ ಮನೆಗಳಿಂದಲೂ ಜನ ಡಬ್ಬಿ ಹಿಡಿದು ಆಸ್ಪತ್ರೆಯ ಗೇಟಿನಲ್ಲಿ ನಿಂತಿದ್ದಾರೆ. ಹಿಂದೆ ಖಾಲಿ ನೀರಿಗೆ ಕೂಲಿಯೇ ಎಂದವರು ಇಂದು "ನಮ್ಮನೆ ಕೊಳೆ ತುಂಬಾ ಹಳೇದು ತಡೀರಕ್ಕ, ಒಳ್ಳೇ ಕೊಳೆ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುತ್ತಾರೆ. ತಡೀರಕ್ಕ ಒಂದೊಂದೇ ಡಬ್ಬಿಯ ಮುಚ್ಚಳ ತೆರೆದು ಚೂರುಗಳನ್ನು ಬಕೆಟ್ಟಿಗೆ ಇಳಿಸುತ್ತಾರೆ.

ಫಿಲ್ಟರಿನೊಳಗೆ ಈಗ ಕಪ್ಪು, ಹಸಿರು, ಕಂದು, ಬೂದು ಚೂರುಗಳು ಒತ್ತೊತ್ತಾಗಿ ಕೂತಿವೆ. ನಲ್ಲಿ ನೀರನ್ನು ತೆಗೆದು, ಔಷಧಿ ವಾಸನೆ ಹೋದ ನೀರು ತುಂಬಿಸಿದ್ದಾಗಿದೆ. ಚಿಟಿಕೆ ಹಾಕುವುದು, ಕೊಳವೆ ಹಿಡಿಯುವುದು ಮತ್ತೆ ಶುರು. ಭಾನುವಾರ ಬಂತು, ಮೀನು ಬರಲಿಲ್ಲ. ಒಬ್ಬಿಬ್ಬರು ಅತ್ತರು. ಆಯಮ್ಮ ಬನ್ನು ಹಂಚಿ ಸಮಾಧಾನ ಮಾಡಿದರು. ತೊಟ್ಟಿಯ ಪಕ್ಕ ಈಗ ಅವರೇ ಕಾವಲು. ಯಾರಾದರೂ ಗಾಜು ಒರೆಸಲು ಬಟ್ಟೆ ಹಿಡಿದು ಬಂದರೆ, "ಮುಟ್ಟಬೇಡಿ, ಅದು ಕೊಳೆ ಅಲ್ಲ, ಸಂಸಾರ" ಎಂದು ಗದರುತ್ತಾರೆ. ಕಿಟಕಿ ಪಕ್ಕದ ಹುಡುಗಿಯ ಪ್ಲಾಸ್ಟರು ಬಿಚ್ಚಿ, ಮನೆಗೆ ಹೋಗಬಹುದು ಎಂದು ಡಾಕ್ಟರು ಹೇಳಿದ್ದಾರೆ. ಅವಳಮ್ಮ ಚೀಲ ಕಟ್ಟಿಕೊಂಡು ನಿಂತಿದ್ದಾರೆ, ಅವಳು ಮಂಚದ ಸರಳು ಹಿಡಿದುಕೊಂಡು ಕೂತಿದ್ದಾಳೆ. "ಎಲ್ಲರ ಮಕ್ಕಳೂ ಆಸ್ಪತ್ರೆಯಿಂದ ಯಾವಾಗ ಹೋಗ್ತೀನೋ ಅಂತ ಅಳ್ತಾರೆ, ಇವಳು ಹೋಗಲ್ಲ ಅಂತ ಅಳ್ತಾಳಲ್ಲ ಸಿಸ್ಟರ್!" ಎಂದು ಅಮ್ಮ ಗೊಣಗುತ್ತಾರೆ.

ಆ ಬೆಳಗ್ಗೆ ಕೊಳವೆಯ ನೀರು ಹಳದಿ. ಎರಡನೆಯ ವಿಷದ ಪರೀಕ್ಷೆಯ ಕೊಳವೆಯಲ್ಲಿ ನೇರಳೆಯ ಸುಳಿವಿಲ್ಲ, ತಿಳಿ ನೀಲಿ. ಹಿಂದಿನ ಸಂಜೆ ತಡೀರಕ್ಕ ಬೇಕೆಂದೇ ಅಮೋನಿಯದ ಹನಿಗಳನ್ನು ಧಾರಾಳವಾಗಿ ಬಿಟ್ಟು ಹೋಗಿದ್ದರು. ಅಷ್ಟನ್ನೂ ಕಣ್ಣಿಗೆ ಕಾಣದ ಆ ಸಂಸಾರ ಬೆಳಗಾಗುವಷ್ಟರಲ್ಲಿ ತಿಂದು ಮುಗಿಸಿದೆ. ಅವರು ಕೊಳವೆಗಳನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, ದೊಡ್ಡ ಸಿಸ್ಟರ್ ಕಡೆ ತಿರುಗಿ, "ಹೂಂ" ಎನ್ನುತ್ತಾರೆ.

ಮನೆಯ ತೊಟ್ಟಿಯಿಂದಲೇ ಎಂಟು ಮೀನು ತರುತ್ತಾರೆ. ಹೆಬ್ಬೆರಳಿನಷ್ಟುದ್ದ, ಕಿತ್ತಳೆ ಕೆಂಪು. ಚೀಲವನ್ನು ನೀರ ಮೇಲೆ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಸಮ ಬೆಚ್ಚಗಾಗುವವರೆಗೆ ಕಾಯುತ್ತಾರೆ. ನಡೆಯಬಲ್ಲವರು ನಡೆದು, ಉಳಿದವರು ಗಾಲಿಕುರ್ಚಿಯಲ್ಲಿ, ತೀರಾ ಆಗದವರು ಮಂಚದ ಸಮೇತ ತಳ್ಳಿಸಿಕೊಂಡು ಸುತ್ತ ಸೇರುತ್ತಾರೆ. ಚೀಲದ ಬಾಯಿ ಬಿಚ್ಚಿದಾಗ, ಸದಾ ಗಲಾಟೆ ಮಾಡುವ ಆ ವಾರ್ಡಿನಲ್ಲಿ ಗುಳ್ಳೆಯ ಸದ್ದು ಕೇಳಿಸುತ್ತದೆ. ಮೊದಲ ಮೀನು ಹೊರಗೆ ಬಂದು, ಒಂದು ಗಿಡದ ಹಿಂದೆ ಹೋಗಿ, ಮತ್ತೆ ಇಣುಕಿ ನೋಡುತ್ತದೆ. ಆಮೇಲೆ ಎದ್ದ ಕೂಗಿಗೆ ಕೆಳಗಿನ ಮಹಡಿಯವರು ದೂರು ಕೊಡಲಿಲ್ಲ, ತಾವೇ ನೋಡಲು ಬಂದರು. ಕಿಟಕಿ ಪಕ್ಕದ ಹುಡುಗಿ ಎಲ್ಲ ಮೀನುಗಳಿಗೂ ಹೋಗಿಬರುತ್ತೇನೆ ಎಂದು ಹೇಳಿಯೇ ಮೆಟ್ಟಿಲಿಳಿದಳು.

ಖುಷಿಯೇನೋ ಆಯಿತು. ಆದರೆ ಒಪ್ಪಂದ ಒಪ್ಪಂದವೇ. ಮುಂದಿನ ದಿನಗಳಲ್ಲಿ ತಡೀರಕ್ಕನಿಗೆ ಸರಿಯಾಗಿ ನಿದ್ದೆಯಿಲ್ಲ. "ಇವಳ ಹೆಸರು ಬದಲಾಯಿಸ್ಬೇಕು, ಈಗ ಇವಳೇ ತಡೆಯಲ್ಲ" ಎಂದು ಗಂಡ ನಗುತ್ತಾರೆ. ಅವರೋ ದಿನಾ ಏಳುವುದಕ್ಕಿಂತ ಮುಂಚೆ ಎದ್ದು, ಟೀ ಕೂಡ ಕುಡಿಯದೆ ಸೈಕಲ್ಲು ಹತ್ತುತ್ತಾರೆ. ಎಂಟೂ ಇವೆ ಎಂದು ಎಣಿಸಿದ ಮೇಲೆಯೇ ಉಸಿರು.

ಹೀಗೆ ಒಂದು ಬೆಳಗ್ಗೆ ಬಂದಾಗ ತೊಟ್ಟಿಯ ಮುಂದೆ ದೊಡ್ಡ ಸಿಸ್ಟರ್ ಆಗಲೇ ಬಗ್ಗಿ ನಿಂತಿದ್ದಾರೆ. ಕನ್ನಡಕ ಮೂಗಿನ ತುದಿಗೆ ಜಾರಿದೆ, ಬೆರಳು ಗಾಜಿನ ಮೇಲೆ ಓಡಾಡುತ್ತಿದೆ. ಮುಖದಲ್ಲಿ ನಗುವಿಲ್ಲ.

"ಬನ್ನಿ ಇಲ್ಲಿ. ಲೆಕ್ಕ ತಪ್ಪಿದೆ."

ತಡೀರಕ್ಕನ ಕೈಯಿಂದ ಬಕೆಟ್ಟು ಜಾರಿ ನೆಲಕ್ಕೆ ಕೂರುತ್ತದೆ. "ಎಷ್ಟಿವೆ ಸಿಸ್ಟರ್?"

"ನೀವೇ ಎಣಿಸಿ. ನನಗೆ ಆಗ್ತಿಲ್ಲ."

ತಡೀರಕ್ಕ ಗಾಜಿಗೆ ಮುಖ ಒಡ್ಡುತ್ತಾರೆ. ಒಂದು, ಎರಡು, ಮೂರು. ಎಂಟೂ ಇವೆ. ಇನ್ನೊಮ್ಮೆ ಎಣಿಸುತ್ತಾರೆ, ಎಂಟೇ. ಅಷ್ಟರಲ್ಲಿ ಗಿಡದ ಬೇರಿನ ನಡುವೆ ಏನೋ ಮಿಸುಕುತ್ತದೆ. ರೆಪ್ಪೆಗೂದಲಿನಷ್ಟು ಸಣ್ಣ ಜೀವ, ಎರಡು ಕಪ್ಪು ಚುಕ್ಕಿ ಕಣ್ಣು. ಅದರ ಪಕ್ಕ ಇನ್ನೊಂದು. ಕಲ್ಲಿನ ಹಿಂದೆ ಒಂದು ಹಿಂಡು.

"ಆ ದಪ್ಪ ಹೊಟ್ಟೇದು ಜಾಸ್ತಿ ತಿಂದಿದೆ ಅಂತ ಅಂದ್ಕೊಂಡಿದ್ದೆ" ಎಂದು ದೊಡ್ಡ ಸಿಸ್ಟರ್ ಪಿಸುಗುಡುತ್ತಾರೆ. "ನನ್ನ ಇಷ್ಟು ವರ್ಷದ ನೌಕರೀಲಿ ಮೂಳೆ ವಾರ್ಡಲ್ಲಿ ಹೆರಿಗೆ ಇದೇ ಮೊದಲು. ಸತ್ರೆ ಏನು ಮಾಡೋದು ಅಂತ ಮಾತಾಡಿದ್ವಿ. ಇದಕ್ಕೆ ಏನು ಮಾಡೋದು?"

ತಡೀರಕ್ಕ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಳ್ಳುತ್ತಾರೆ. ಮೀನು ನೋಡಿ ಚೆಂದ ಎಂದವರು ಸಾವಿರ ಜನ, ಅವರ ಕೆಲಸ ಏನೆಂದು ತಿಳಿದವರು ಬೆರಳೆಣಿಕೆಯಷ್ಟು. ಆ ಬಗ್ಗೆ ಅವರಿಗೆ ದೂರಿಲ್ಲ. ಮಕ್ಕಳು ಏಳಲು ಇನ್ನೂ ಹೊತ್ತಿದೆ. ಇಬ್ಬರೂ ಅಕ್ಕಪಕ್ಕ ಬಗ್ಗಿ, ಮರಿಗಳನ್ನು ಎಣಿಸಲು ಹೋಗಿ ಮತ್ತೆ ಮತ್ತೆ ತಪ್ಪುತ್ತಾರೆ. ಕೊನೆಗೆ ತಡೀರಕ್ಕ, ತೊಟ್ಟಿಯಿಂದ ಕಣ್ಣು ತೆಗೆಯದೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ ಹೇಳುತ್ತಾರೆ:

"ಮೀನು ಬದುಕಿದ್ರೆ ನೀರು ಪರವಾಗಿಲ್ಲ ಅಂತ ಅರ್ಥ ಸಿಸ್ಟರ್. ಮರಿ ಹಾಕಿದ್ರೆ, ನೀರು ಚೆನ್ನಾಗಿದೆ ಅಂತ."